ಶರಪಂಜರದ ಕಾವೇರಿಯೂ ನಾಲ್ಕು ತಾಲ್ಲೂಕಿನ ತೀರ್ಪೂ

1985ರ ಜೂನ್ ತಿಂಗಳು. ಪಿರಿಯಾಪಟ್ಟಣದ ಹತ್ತಿರದ ನಮ್ಮೂರಿನಲ್ಲಿ ತಾತನ ವರ್ಷದ ಕಾರ್ಯ. ನನಗಾಗ ಹನ್ನೊಂದು ವರ್ಷ. ಹೊಲದಲ್ಲಿ ಹೊಗೆಸೊಪ್ಪಿನ ನಾಟಿ, ಮನೆ ತುಂಬ ನೆಂಟರು. ಅದೇ ವಾರ, ಜೂನ್ 5ರಂದು, ಪುಟ್ಟಣ್ಣ ಕಣಗಾಲ್ ತೀರಿಕೊಂಡಿದ್ದರು. ಕಣಗಾಲು ನಮ್ಮ ತಾಲ್ಲೂಕಿನದೇ ಹಳ್ಳಿ. ಹಾಗಾಗಿ ಪುಟ್ಟಣ್ಣ ಅಂದರೆ ನಮ್ಮ ಕಡೆಯವರಿಗೆ ಬರೀ ಡೈರೆಕ್ಟರ್ ಅಲ್ಲ, "ನಮ್ಮೋರು". ನಮ್ಮನೆಯವರು ಯಾರೂ ಅವರನ್ನು ಕಣ್ಣಾರೆ ಕಂಡವರಲ್ಲ, ಅದು ಬೇರೆ ಮಾತು!

ಅಪ್ಪನ ಅಕ್ಕತಂಗಿಯರು ಮೂವರು. ದೊಡ್ಡತ್ತೆಯನ್ನು ಕೆ.ಆರ್. ನಗರಕ್ಕೆ ಕೊಟ್ಟಿದ್ದರು, ನಡುವಲತ್ತೆಯನ್ನು ಹುಣಸೂರಿಗೆ, ಚಿಕ್ಕತ್ತೆಯನ್ನು ಎಚ್.ಡಿ. ಕೋಟೆಗೆ. ತಾತ ಪ್ರೈಮರಿ ಸ್ಕೂಲ್ ಮೇಷ್ಟ್ರು. ಹೆಣ್ಣುಮಕ್ಕಳಿಗೆ ಒಡವೆ ಹೆಚ್ಚು ಹಾಕಲಿಲ್ಲ, ಆದರೆ ಮೂವರಿಗೂ ಓದುವ ಚಟ ಹತ್ತಿಸಿ ಕಳಿಸಿದ್ದರು. ಆ ಸಂಜೆ ಹಜಾರದಲ್ಲಿ ಕೂತು ಮರುದಿನದ ಅಡುಗೆಗೆ ಅಕ್ಕಿ ಆರಿಸುತ್ತಿದ್ದರು. ಪುಟ್ಟಣ್ಣನ ಮಾತು ಬಂತು, ಅದರಿಂದ ಕಲ್ಪನಾ, ಕಲ್ಪನಾ ಇಂದ "ಶರಪಂಜರ". ಅಲ್ಲಿಗೆ ಶುರುವಾಯಿತು ನೋಡಿ ಜಗಳ.

ಕಥೆ ನಿಮಗೆಲ್ಲ ಗೊತ್ತಿರುತ್ತದೆ. ಗೊತ್ತಿಲ್ಲದವರಿಗಾಗಿ ಎರಡೇ ಮಾತು. ಕಾವೇರಿ ಅನ್ನುವ ಹೆಣ್ಣುಮಗಳು, ಒಳ್ಳೆಯ ಮನೆತನ, ಮೆಚ್ಚಿ ಮದುವೆಯಾದ ಗಂಡ ಸತೀಶ. ಎರಡನೇ ಹೆರಿಗೆಯಾದ ಮೇಲೆ ಅವಳ ಮನಸ್ಸು ಕದಡುತ್ತದೆ. ಆಸ್ಪತ್ರೆಗೆ ಸೇರಿಸುತ್ತಾರೆ. ವಾಸಿಯಾಗಿ ಮನೆಗೆ ಬರುತ್ತಾಳೆ. ಆಮೇಲೆ ಶುರುವಾಗುವುದೇ ನಿಜವಾದ ಕಥೆ. ಅವಳಿಗೆ ವಾಸಿಯಾಗಿದೆ ಅನ್ನುವುದನ್ನು ಯಾರೂ ನಂಬುವುದಿಲ್ಲ.

ದೊಡ್ಡತ್ತೆಯ ತೀರ್ಪು ಖಡಕ್ಕಾಗಿತ್ತು. "ಎಲ್ಲಾ ಆ ಗಂಡಂದೇ ತಪ್ಪು ಕಣೆ. ಅವನು ಕೈ ಹಿಡ್ಕಂಡಿದ್ರೆ ಅವ್ಳು ಯಾಕ್ ಮತ್ತೆ ಹಂಗಾಗೋಳು?"

ನಡುವಲತ್ತೆ ಒಪ್ಪಲಿಲ್ಲ. ಆಕೆ ಪುಸ್ತಕ ಓದಿರಲಿಲ್ಲ, ಹುಣಸೂರಿನಲ್ಲಿ ಸಿನಿಮಾ ನೋಡಿದ್ದಳು. ಸಿನಿಮಾದಲ್ಲಿ ಕಾವೇರಿಯ ಮದುವೆಗೆ ಮುಂಚಿನ ಒಂದು ಘಟನೆ ಬರುತ್ತದೆ. ಕಾಲೇಜಿನ ದಿನಗಳದ್ದು, ಅವಳ ಮನಸ್ಸಿನಲ್ಲಿ ಮುಳ್ಳಾಗಿ ಉಳಿದದ್ದು. ನಡುವಲತ್ತೆ ಅದನ್ನೇ ಹಿಡಿದುಕೊಂಡಳು. "ಒಳಗೆ ತಪ್ಪಿತ್ತು, ಅದುಕ್ಕೇ ಹಂಗಾಯ್ತು. ಮಾಡಿದ್ದುಣ್ಣೋ ಮಾರಾಯ ಅಂತ ಸುಮ್ನೆ ಹೇಳವ್ರಾ?"

ಅಜ್ಜಿ ಇಬ್ಬರ ಕಡೆಗೂ ಇಲ್ಲ. "ಎರಡು ಮಕ್ಳು ಕಟ್ಕಂಡು ಆ ಗಂಡ್ಸು ಏನ್ಮಾಡ್ಬೇಕಿತ್ತು? ಅವನೂ ಮನುಷ್ಯನೇ ಅಲ್ವಾ?"

ನಮ್ಮವ್ವ ಪುಸ್ತಕವನ್ನು ಎರಡು ಸಲ ಓದಿದವಳು. ಅವಳದು ಬೇರೆಯೇ ತಕರಾರು. "ಇಂಥಾ ಪುಸ್ತಕ ಬಸುರಿ ಹೆಂಗಸ್ರ ಕೈಗೆ ಕೊಡಬಾರ್ದು. ಓದಿ ಓದಿ ಹೆದರ್ಕಂಡು ಅದೇ ಆದ್ರೆ?"

ಹೀಗೆ ಕೆ.ಆರ್. ನಗರದ ತೀರ್ಪು ಒಂದು, ಹುಣಸೂರಿನದು ಒಂದು, ಪಿರಿಯಾಪಟ್ಟಣದ್ದು ಎರಡು. ಎಚ್.ಡಿ. ಕೋಟೆ ಮಾತ್ರ ತುಟಿ ಬಿಚ್ಚಲಿಲ್ಲ. ಚಿಕ್ಕತ್ತೆ ತಲೆ ಬಗ್ಗಿಸಿಕೊಂಡು ಅಕ್ಕಿಯಲ್ಲಿ ಕಲ್ಲು ಹುಡುಕುತ್ತಲೇ ಇದ್ದಳು. ಆ ಜಗಳ ಯಾರೆದುರು ನಡೆಯುತ್ತಿದೆ ಅನ್ನುವುದು ಹನ್ನೊಂದು ವರ್ಷದ ನನಗೆ ಗೊತ್ತಿರಲಿಲ್ಲ. ಉಳಿದವರಿಗೆಲ್ಲ ಗೊತ್ತಿತ್ತು. ಆದರೂ ಮಾತು ನಿಲ್ಲಿಸಲಿಲ್ಲ.

* * *

ಪುಸ್ತಕ ನನ್ನ ಕೈಗೆ ಬಂದದ್ದು ಮೈಸೂರಿನ ಹಾಸ್ಟೆಲ್ಲಿನಲ್ಲಿ, ಪಿಯುಸಿ ಓದುವಾಗ. ಆಮೇಲೆ ತ್ರಿವೇಣಿಯವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅವರ ನಿಜವಾದ ಹೆಸರು ಅನಸೂಯ ಶಂಕರ್. ಹುಟ್ಟಿದ್ದು 1928ರಲ್ಲಿ ಮಂಡ್ಯದಲ್ಲಿ. ನಮ್ಮ ಬಿ.ಎಂ.ಶ್ರೀ ಅವರಿಗೆ ದೊಡ್ಡಪ್ಪ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಓದಿದರು, ವಿಷಯ ಮನಃಶಾಸ್ತ್ರ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಮೊದಲ ಕಾದಂಬರಿ "ಅಪಸ್ವರ" 1953ರಲ್ಲಿ ಬಂತು. ಅಲ್ಲಿಂದ ಹತ್ತು ವರ್ಷಗಳಲ್ಲಿ ಸುಮಾರು ಇಪ್ಪತ್ತು ಕಾದಂಬರಿ, ಜೊತೆಗೆ ಸಣ್ಣಕಥೆಗಳು.

1963ರ ಜುಲೈನಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಹೆರಿಗೆಯಾಗಿ ಕೆಲವೇ ದಿನಗಳಾಗಿದ್ದವು. ಬಾಣಂತನದಲ್ಲಿ ಮನಸ್ಸು ಮುರಿದುಹೋದ ಹೆಣ್ಣಿನ ಕಥೆ ಬರೆದವರು ತಾವೇ ಬಾಣಂತಿಯಾಗಿ ಹೋಗಿಬಿಟ್ಟರು. ಈ ವಿಷಯ ಮೊದಲ ಸಲ ತಿಳಿದಾಗ ನಾನು ಪುಸ್ತಕ ಮುಚ್ಚಿಟ್ಟು ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ.

ಹಾಗಾಗಿ ತಮ್ಮ ಕಥೆಗಳು ತೆರೆಗೆ ಬಂದದ್ದನ್ನು ಅವರು ನೋಡಲೇ ಇಲ್ಲ. ಪುಟ್ಟಣ್ಣ ಮೊದಲು "ಬೆಕ್ಕಿನ ಕಣ್ಣು" ಕಾದಂಬರಿಯನ್ನು 1966ರಲ್ಲಿ ಮಲಯಾಳಂನಲ್ಲಿ "ಪೂಚ್ಚಕಣ್ಣಿ" ಅಂತ ತೆಗೆದರು. ಕನ್ನಡದಲ್ಲಿ ಅವರ ಮೊದಲ ಚಿತ್ರ 1967ರ "ಬೆಳ್ಳಿ ಮೋಡ", ಅದೂ ತ್ರಿವೇಣಿಯವರದೇ. 1972ರಲ್ಲಿ "ಶರಪಂಜರ". ಕಾವೇರಿಯಾಗಿ ಕಲ್ಪನಾ, ಸತೀಶನಾಗಿ ಗಂಗಾಧರ್, ಸಂಗೀತ ವಿಜಯಭಾಸ್ಕರ್. ಆ ಸಾಲಿನ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. 1974ರಲ್ಲಿ ತೆಲುಗಿಗೂ ಹೋಯಿತು, ವಾಣಿಶ್ರೀ ನಾಯಕಿ, ಚಿತ್ರದ ಹೆಸರು "ಕೃಷ್ಣವೇಣಿ". ನಮ್ಮ ಕಾವೇರಿ ಅಲ್ಲಿ ಕೃಷ್ಣೆಯಾದಳು. ಯಾವ ರಾಜ್ಯವಾದರೇನು, ನದಿಯ ಹೆಸರಂತೂ ತಪ್ಪಲಿಲ್ಲ.

ನದಿ ಅಂದಾಗ ನಮ್ಮ ನಾಲ್ಕು ತಾಲ್ಲೂಕಿನವರಿಗೆ ಇದು ಹೆಚ್ಚು ತಟ್ಟಲು ಕಾರಣ ಇದೆ. ಕೊಡಗಿನಿಂದ ಇಳಿದ ಕಾವೇರಿ ಪಿರಿಯಾಪಟ್ಟಣ ತಾಲ್ಲೂಕಿನ ಅಂಚಿನಲ್ಲಿ ಬಂದು ಕೆ.ಆರ್. ನಗರದ ಚುಂಚನಕಟ್ಟೆಯಲ್ಲಿ ಧುಮುಕುತ್ತಾಳೆ. ಹುಣಸೂರಿಗೆ ಲಕ್ಷ್ಮಣತೀರ್ಥ, ಕೋಟೆಗೆ ಕಪಿಲೆ, ಎರಡೂ ಮುಂದೆ ಅವಳನ್ನೇ ಸೇರುವ ಹೊಳೆಗಳು. ಮನೆಗೊಬ್ಬ ಕಾವೇರಿ ಅನ್ನುವಷ್ಟು ನಮ್ಮ ಕಡೆ ಆ ಹೆಸರಿನವರಿದ್ದಾರೆ.

* * *

ನಮ್ಮ ಹಜಾರದ ಜಗಳ ಬರೀ ನಮ್ಮ ಮನೆಯದಾಗಿರಲಿಲ್ಲ. ಈ ಕಾದಂಬರಿಯ ಓದುಗರು ಮೊದಲಿನಿಂದಲೂ ಹೋಳಾಗಿಯೇ ಇದ್ದಾರೆ. ಕಾಲ ಬದಲಾದ ಹಾಗೆ ಹೋಳಿನ ಗೆರೆ ಮಾತ್ರ ಜಾಗ ಬದಲಿಸಿದೆ.

ಮೊದಲನೆಯದು, ಇದು ಸಾಹಿತ್ಯವೇ ಅಲ್ಲವೇ ಅನ್ನುವ ಜಗಳ. ಅರವತ್ತರ ದಶಕದಲ್ಲಿ ಇತ್ತ ಹೆಂಗಸರು ಲೈಬ್ರರಿಗಳಲ್ಲಿ ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿಯವರ ಪುಸ್ತಕಗಳಿಗೆ ಕಾಯುತ್ತಿದ್ದರು. ಅತ್ತ ನವ್ಯದವರ ಭರಾಟೆ, 1965ರಲ್ಲಿ "ಸಂಸ್ಕಾರ" ಬಂದಿತ್ತು. ವಿಮರ್ಶೆಯ ದೊಡ್ಡ ಚರ್ಚೆಗಳೆಲ್ಲ ಆ ಕಡೆ. ಹೆಂಗಸರು ಬರೆದದ್ದಕ್ಕೆ "ಅಡುಗೆಮನೆ ಸಾಹಿತ್ಯ" ಅನ್ನುವ ಹಣೆಪಟ್ಟಿ ಸಿದ್ಧವಾಗಿತ್ತು. ಓದುವವರು ಸಾವಿರ, ಮಾತಾಡುವವರು ಕಮ್ಮಿ. 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಹುಟ್ಟಿದ ಮೇಲೆ, ಸ್ತ್ರೀವಾದಿ ಓದು ಬಂದ ಮೇಲೆ, ಆ ಅಡುಗೆಮನೆಯಲ್ಲಿ ಏನು ಬೇಯುತ್ತಿತ್ತು ಅಂತ ನಿಧಾನವಾಗಿ ಬಗ್ಗಿ ನೋಡಿದರು.

ಆಗ ಎರಡನೇ ಜಗಳ. ತ್ರಿವೇಣಿ ಹೆಣ್ಣಿನ ಪರವೋ, ಅಥವಾ ಹೆಣ್ಣು ಅಂದರೆ ಒಡೆದುಹೋಗುವ ಗಾಜು ಅಂತ ತೋರಿಸಿದರೋ? ಕಾವೇರಿ ಯಾಕೆ ಎದ್ದು ನಿಲ್ಲುವುದಿಲ್ಲ, ಯಾಕೆ ಮನೆ ಬಿಟ್ಟು ಹೋಗುವುದಿಲ್ಲ ಅಂತ ಕೇಳಿದವರಿದ್ದಾರೆ. ಕಾಲೇಜಿನಲ್ಲಿ ನಾನೂ ಇದನ್ನೇ ಕೇಳಿದ್ದೆ, ಭಾಷಣದ ಧಾಟಿಯಲ್ಲಿ! ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಎಲ್ಲಿಗೆ ಹೋಗಬೇಕಿತ್ತು? 1955ರ ಹಿಂದೂ ವಿವಾಹ ಕಾಯ್ದೆ ಆಗಿನ್ನೂ ಹೊಸದು. ಸಂಗಾತಿಗೆ ವಾಸಿಯಾಗದ ಬುದ್ಧಿಭ್ರಮಣೆ ಸತತ ಮೂರು ವರ್ಷ ಇದ್ದರೆ ವಿಚ್ಛೇದನ ಕೇಳಬಹುದು ಅಂತ ಅದರಲ್ಲಿತ್ತು. ಗಂಡನಿಗಾಗಲಿ ಹೆಂಡತಿಗಾಗಲಿ ಅನ್ವಯಿಸುವ ಮಾತೇ. ಆದರೆ ಕೈಯಲ್ಲಿ ದುಡ್ಡಿಲ್ಲದ, ಒಮ್ಮೆ ಆಸ್ಪತ್ರೆ ಕಂಡು ಬಂದ ಹೆಂಗಸಿಗೆ ಅದು ತಲೆಯ ಮೇಲೆ ತೂಗುವ ಕತ್ತಿ. ಆಸ್ಪತ್ರೆಗೆ ಸೇರಿಸಿಕೊಳ್ಳಲು ಇದ್ದ ಕಾನೂನು ಬ್ರಿಟಿಷರ ಕಾಲದ 1912ರದ್ದು, ಹೆಸರೇ "ಲ್ಯೂನಸಿ ಆ್ಯಕ್ಟ್". ಹುಚ್ಚರ ಕಾಯ್ದೆ! ಅದರ ಬದಲಿಗೆ 1987ರಲ್ಲಿ ಬೇರೆ ಕಾಯ್ದೆಯಾಯಿತು, ಜಾರಿಗೆ ಬಂದದ್ದು 1993ರಲ್ಲಿ. ಕಾಯಿಲೆಯವರಿಗೂ ಹಕ್ಕುಗಳಿವೆ ಅಂತ ಬಿಡಿಸಿ ಹೇಳಿದ ಕಾಯ್ದೆಗೆ 2017ರ ತನಕ ಕಾಯಬೇಕಾಯಿತು.

ಮೂರನೆಯ ಜಗಳವೇ ಎಲ್ಲಕ್ಕಿಂತ ಹಳೆಯದು, ಇವತ್ತಿಗೂ ಮುಗಿಯದ್ದು. ನಮ್ಮ ಹಜಾರದಲ್ಲಿ ನಡೆದದ್ದೂ ಅದೇ. ತಪ್ಪು ಯಾರದು?

ಗಂಡನದು ಅನ್ನುವವರ ಹತ್ತಿರ ಪುರಾವೆ ಇದೆ. ಸಿನಿಮಾದಲ್ಲಿ ಸತೀಶ ಇನ್ನೊಬ್ಬಳ ಜೊತೆ ಸಂಬಂಧ ಇಟ್ಟುಕೊಂಡಿರುತ್ತಾನೆ, ಅದು ಗೊತ್ತಾದ ಮೇಲೆಯೇ ಕಾವೇರಿ ಎರಡನೇ ಸಲ ಮುರಿಯುವುದು. ಅವಳದೇ ಅನ್ನುವವರ ಹತ್ತಿರ ಆ ಹಳೆಯ ಘಟನೆ ಇದೆ. ಪುಟ್ಟಣ್ಣ ಅದನ್ನು ಕಾಯಿಲೆಯ ಬೇರಿನ ಹಾಗೆ ತೋರಿಸಿದರು, ನಡುವಲತ್ತೆಯಂಥವರು ಅದನ್ನು ಪಾಪದ ಲೆಕ್ಕಕ್ಕೆ ಬರೆದುಕೊಂಡರು. ಸಮಾಜದ್ದು ಅನ್ನುವವರು ನೆರೆಹೊರೆಯ ಕಡೆ ಬೆರಳು ತೋರಿಸುತ್ತಾರೆ. ಸಿನಿಮಾದಲ್ಲಿ ವನವಾಸದಿಂದ ಮರಳಿದ ಸೀತೆಯ ಹಾಡೊಂದಿದೆಯಲ್ಲ, ಅದನ್ನು ನೆನೆಸಿಕೊಂಡು ಆ ಸಂಜೆ ದೊಡ್ಡತ್ತೆ ಹೇಳಿದ್ದಳು, "ಎಲ್ಲಾ ಕಡೆ ಸೀತೆ ರಾಮನ ಎಡಗಡೆ ನಿಂತವ್ಳೆ. ನಮ್ಮ ಚುಂಚನಕಟ್ಟೆಲಿ ಮಾತ್ರ ಬಲಗಡೆ. ಅಲ್ಲಾದ್ರೂ ಅವಳಿಗೆ ಒಂದು ಜಾಗ ಕೊಟ್ಟವ್ರೆ." ಚುಂಚನಕಟ್ಟೆಯ ಕೋದಂಡರಾಮನ ಗುಡಿಗೆ ಹೋದವರಿಗೆ ಗೊತ್ತು, ಅಲ್ಲಿ ಸೀತೆ ನಿಂತಿರುವುದು ಹಾಗೆಯೇ.

ಇಷ್ಟೆಲ್ಲ ತೀರ್ಪುಗಳಲ್ಲಿ ಒಂದು ಮಾತನ್ನು ಮಾತ್ರ ಯಾರೂ ಆಡಲಿಲ್ಲ. ಅದು ಕಾಯಿಲೆ. ಬಾಣಂತಿ ಸನ್ನಿ ಅಂತ ನಮ್ಮ ಹಳ್ಳಿಗಳಲ್ಲಿ ಹೆಸರೇ ಇತ್ತು, ಆದರೆ ಅದಕ್ಕೆ ಹೇಳುತ್ತಿದ್ದ ಕಾರಣ ತಂಡಿ ಗಾಳಿ, ಇಲ್ಲವೇ ದೆವ್ವ. ಹೆರಿಗೆಯಾದ ಸಾವಿರ ತಾಯಂದಿರಲ್ಲಿ ಒಬ್ಬಿಬ್ಬರಿಗೆ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ, ಈ ತೀವ್ರವಾದ ಮನೋವಿಕಾರ ಬರುತ್ತದೆ ಅಂತ ವೈದ್ಯಶಾಸ್ತ್ರ ಹೇಳುತ್ತದೆ. ನಿದ್ದೆ ಹೋಗುತ್ತದೆ, ಇಲ್ಲದ್ದು ಕೇಳಿಸುತ್ತದೆ, ಮಗು ತನ್ನದಲ್ಲ ಅನ್ನಿಸುತ್ತದೆ. ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದ ಕಾಯಿಲೆ, ಚಿಕಿತ್ಸೆ ಕೊಟ್ಟರೆ ವಾಸಿಯಾಗುವಂಥದ್ದು. ತ್ರಿವೇಣಿ ಮನಃಶಾಸ್ತ್ರ ಓದಿದವರು ಅಂದೆನಲ್ಲ, ಅದು ಇಲ್ಲಿ ಕೆಲಸಕ್ಕೆ ಬಂದಿದೆ. ಅವರ ಕಾವೇರಿ ಆಸ್ಪತ್ರೆಗೆ ಹೋಗುತ್ತಾಳೆ, ವಾಸಿಯಾಗಿ ಬರುತ್ತಾಳೆ. ದೆವ್ವವಲ್ಲ, ಗ್ರಹಚಾರವಲ್ಲ, ಔಷಧಿ ಇರುವ ಕಾಯಿಲೆ. ಅರವತ್ತು ವರ್ಷದ ಹಿಂದೆ ಇಷ್ಟನ್ನು ಒಂದು ಜನಪ್ರಿಯ ಕಾದಂಬರಿಯಲ್ಲಿ ಹೇಳಿದ್ದು ಸಣ್ಣ ಮಾತಲ್ಲ. ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾದದ್ದೇ 1954ರಲ್ಲಿ. ಅದೂ ಹಳೆಯ ಸರ್ಕಾರಿ ಮಾನಸಿಕ ಆಸ್ಪತ್ರೆಯೂ ಸೇರಿ ನಿಮ್ಹಾನ್ಸ್ ಆದದ್ದು 1974ರಲ್ಲಿ, ಅಂದರೆ ಸಿನಿಮಾ ಬಂದು ಎರಡು ವರ್ಷಕ್ಕೆ.

ಪುಸ್ತಕ ಇದನ್ನು ಹೇಳಿತು. ಓದಿದ ನಾವು ಕೇಳಿಸಿಕೊಳ್ಳಲಿಲ್ಲ. ತಪ್ಪು ಯಾರದು ಅಂತ ಹುಡುಕಲು ಹೊರಟೆವು.

* * *

ಈಗ ಚಿಕ್ಕತ್ತೆಯ ವಿಷಯ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.

ಅವಳಿಗೆ ಎರಡನೇ ಹೆರಿಗೆಯಾದದ್ದು 1979ರಲ್ಲಿ. ಒಂದು ವಾರ ಚೆನ್ನಾಗಿದ್ದಳು. ಆಮೇಲೆ ನಿದ್ದೆ ಹೋಯಿತು. ರಾತ್ರಿಯೆಲ್ಲ ಎದ್ದು ಕೂತು ಮಗುವನ್ನು ಯಾರೋ ಬದಲಾಯಿಸಿದ್ದಾರೆ ಅನ್ನುತ್ತಿದ್ದಳಂತೆ. ಕೋಟೆ ಕಡೆಯ ದೇವರು ದಿಂಡರು ಎಲ್ಲ ಆಯಿತು, ತಾಯಿತ ಕಟ್ಟಿದರು, ಬೇವಿನ ಸೊಪ್ಪಿನಲ್ಲಿ ಹೊಡೆದರು. ಹದಿನೈದು ದಿನ ಹೀಗೇ ಕಳೆದ ಮೇಲೆ ತಾತ ಹೋಗಿ ಹಟ ಹಿಡಿದು, ಜೀಪು ಮಾಡಿಸಿ ಬೆಂಗಳೂರಿಗೆ ಕರೆದುಕೊಂಡು ಹೋದರು. ಎರಡು ತಿಂಗಳಿಗೆ ವಾಸಿಯಾಗಿ ಬಂದಳು. ಆದರೆ ನಮ್ಮ ಕಡೆ "ಬೆಂಗಳೂರಿಗೆ ಕರ್ಕಂಡು ಹೋಗಿದ್ರು" ಅನ್ನುವ ಮಾತಿಗೆ ಬೇರೆಯೇ ಅರ್ಥ ಇದೆ. ಮನೆಯಲ್ಲಿ ಒಂದು ವರ್ಷ ಅವಳನ್ನು ಒಲೆ ಮುಂದೆ ಒಬ್ಬಳೇ ಬಿಡಲಿಲ್ಲ, ಬಾವಿ ಹತ್ತಿರ ಹೋಗಲು ಬಿಡಲಿಲ್ಲ. ಜೋರಾಗಿ ನಕ್ಕರೆ ಎಲ್ಲರೂ ತಿರುಗಿ ನೋಡುತ್ತಿದ್ದರು. ಹುಣಸೂರಿನ ಮದುವೆಮನೆಯೊಂದರಲ್ಲಿ ಯಾರೋ "ಶರಪಂಜರದ ಕಲ್ಪನಾ ಬಂದ್ಲು" ಅಂದದ್ದು ಅವಳ ಕಿವಿಗೇ ಬಿದ್ದಿತ್ತಂತೆ.

ನನಗೆ ಇದೆಲ್ಲ ಗೊತ್ತಾದದ್ದು 1998ರಲ್ಲಿ, ನನ್ನ ಬಾಣಂತನದಲ್ಲಿ. ಬಸುರಿಯಾಗಿದ್ದಾಗ ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದ್ದರು, "ಮನೆತನದಲ್ಲಿ ಯಾರಿಗಾದರೂ ಹೆರಿಗೆ ಆದಮೇಲೆ ತೊಂದರೆ, ಮಾನಸಿಕ ಕಾಯಿಲೆ ಏನಾದರೂ ಇತ್ತಾ?" ಪಕ್ಕದಲ್ಲಿದ್ದ ಅವ್ವ ತಟ್ಟನೆ, "ಇಲ್ಲ ಮೇಡಂ, ನಮ್ಮಲ್ಲಿ ಯಾರಿಗೂ ಅಂಥದ್ದಿಲ್ಲ" ಅಂದಳು. ಶರಪಂಜರವನ್ನು ಎರಡು ಸಲ ಓದಿದ ಅವ್ವ!

ಹೆರಿಗೆಯಾದ ಮೇಲೆ ಬಾಣಂತನಕ್ಕೆ ಕೈಜೋಡಿಸಲು ಚಿಕ್ಕತ್ತೆ ಬಂದಳು. ಒಂದು ರಾತ್ರಿ ಮಗು ಮಲಗಿದ ಮೇಲೆ ಆಸ್ಪತ್ರೆಯ ಮಾತು ಬಂತು, ಡಾಕ್ಟರು ಕೇಳಿದ್ದನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂದು ಹೇಳ್ಬೇಕಿತ್ತು ಕಣವ್ವ" ಅಂದಳು. ಆಮೇಲೆ ಎಲ್ಲವನ್ನೂ ಹೇಳಿದಳು. ಅವಳು ನನ್ನ ಬಾಣಂತನಕ್ಕೆ ಬಂದದ್ದು ಸುಮ್ಮನೆ ಅಲ್ಲ ಅಂತ ಆಗ ಗೊತ್ತಾಯಿತು. ದಿನಾ ರಾತ್ರಿ ನಾನು ನಿದ್ದೆ ಮಾಡುತ್ತೇನಾ ಅಂತ ನೋಡುತ್ತಿದ್ದಳು. ಆ ಮನೆಯಲ್ಲಿ ಅದನ್ನು ನೋಡಬೇಕು ಅಂತ ಗೊತ್ತಿದ್ದವಳು ಅವಳೊಬ್ಬಳೇ.

ಆ ರಾತ್ರಿ ಕೇಳಿದೆ, "ಅತ್ತೆ, ಅವತ್ತು ಎಲ್ಲರೂ ಕಾವೇರಿ ಬಗ್ಗೆ ಅಷ್ಟು ಮಾತಾಡ್ತಿದ್ದಾಗ ನೀನ್ಯಾಕೆ ಸುಮ್ನಿದ್ದೆ? ನೀನೂ ಓದಿದ್ದೆಯಲ್ಲ, ನಿನಗೇನನ್ನಿಸಿತು?"

"ಆ ಪುಸ್ತಕದಲ್ಲಿ ನಂಗೆ ಹಿಡಿಸಿದ್ದು ಒಂದೇ," ಅಂದಳು. "ವಾಸಿಯಾದ ಮೇಲೂ ಎಲ್ರೂ ಸುಮ್ನೆ ನೋಡ್ತಾನೇ ಇರ್ತಾರಲ್ಲ, ಅದ ಸರಿಯಾಗಿ ಬರೆದವ್ರೆ ಆಯಮ್ಮ. ಸಿನಿಮಾದ ಕೊನೆ ಮಾತ್ರ ನಂಗೆ ಹಿಡಿಸ್ನಿಲ್ಲ. ಮತ್ತೆ ಯಾಕೆ ಕಳಿಸ್ಬೇಕಿತ್ತು ಅವಳನ್ನ? ನಾನು ಬಂದ್ನಲ್ಲ, ಇದ್ದೀನಲ್ಲ. ನನ್ನಂಗೂ ಇರ್ತಾರೆ ಅಂತ ಒಬ್ರಾದ್ರೂ ಬರೀಬೇಕಿತ್ತು."

ಕಾವೇರಿಯ ಬಗ್ಗೆ ನಾನು ಕೇಳಿದ ವಿಮರ್ಶೆಗಳಲ್ಲೆಲ್ಲ ಇದೇ ದೊಡ್ಡದು ಅಂತ ಈಗಲೂ ಅನ್ನಿಸುತ್ತದೆ. ಕೊನೆಯ ಬಗ್ಗೆ ತ್ರಿವೇಣಿ, ಪುಟ್ಟಣ್ಣ ಇಬ್ಬರ ಪರವಾಗಿಯೂ ವಾದ ಮಾಡಬಹುದು. ಅವಳು ಸುಖವಾಗಿದ್ದಳು ಅಂತ ಮುಗಿಸಿದ್ದರೆ ನಾವು ಕಣ್ಣೊರೆಸಿಕೊಂಡು ಮರೆತುಬಿಡುತ್ತಿದ್ದೆವು, ತಪ್ಪು ಅಂಟುತ್ತಿರಲಿಲ್ಲ. ಆದರೆ ಆ ಕೊನೆಯಿಂದ ಇನ್ನೊಂದೂ ಆಯಿತು. ಆಸ್ಪತ್ರೆಗೆ ಹೋದವಳು ಮತ್ತೆ ಅಲ್ಲಿಗೇ ಹೋಗುತ್ತಾಳೆ ಅನ್ನುವ ಭಯ ನಮ್ಮ ಊರುಗಳಲ್ಲಿ ಗಟ್ಟಿಯಾಯಿತು. ಎರಡೂ ನಿಜವೇ. ಒಂದನ್ನು ಬಿಟ್ಟು ಒಂದು ಹೇಳಲು ನನಗಂತೂ ಆಗುವುದಿಲ್ಲ.

ಶರಪಂಜರ ಅಂದರೆ ಬಾಣಗಳಿಂದ ಹೆಣೆದ ಪಂಜರ. ಕಬ್ಬಿಣದ್ದಾದರೆ ಒಬ್ಬ ಕಮ್ಮಾರ ಸಾಕು. ಬಾಣದ್ದು ಅಂದಮೇಲೆ ಬಿಡುವವರು ಬಹಳ ಜನ ಬೇಕು. ಗಂಡನದು ತಪ್ಪು ಅಂದ ದೊಡ್ಡತ್ತೆಯೂ ಕಾವೇರಿಯ ಪರವಾಗಿ ಮಾತಾಡುತ್ತಲೇ ತಂಗಿಯ ಎದುರು "ಹುಚ್ಚಿ" ಅನ್ನುವ ಮಾತನ್ನು ನಾಲ್ಕಾರು ಸಲ ಆಡಿದ್ದಳು. ಪರ, ವಿರೋಧ ಎರಡೂ ಕಡೆಯಿಂದ ಬಂದದ್ದು ಬಾಣವೇ.

* * *

ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮತ್ತು ಮಗುವನ್ನು ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗವಿದೆ. ಮಗುವನ್ನು ಅಗಲಿಸದೆ ತಾಯಿಯನ್ನು ನೋಡಿಕೊಳ್ಳುತ್ತಾರೆ. ಕಾವೇರಿಗೆ ಅದು ಇರಲಿಲ್ಲ, ಚಿಕ್ಕತ್ತೆಗೂ ಇರಲಿಲ್ಲ.

2010ರಲ್ಲಿ ಚಿಕ್ಕತ್ತೆಯ ಮಗಳು ಬಸುರಿಯಾದಳು. 1979ರಲ್ಲಿ ಹುಟ್ಟಿದ್ದಳಲ್ಲ, ಅದೇ ಮಗಳು. ಮೊದಲ ತಪಾಸಣೆಗೆ ಚಿಕ್ಕತ್ತೆ ತಾನೇ ಜೊತೆಗೆ ಹೋದಳು. ಅಳಿಯ ಇದ್ದ, ಬೀಗಿತ್ತಿ ಇದ್ದಳು. ಡಾಕ್ಟರು ಕೇಳುವವರೆಗೂ ಕಾಯಲಿಲ್ಲವಂತೆ. "ಮೇಡಂ, ಇವಳು ಹುಟ್ಟಿದಾಗ ನಂಗೆ ಮನಸ್ಸಿನ ಕಾಯಿಲೆ ಬಂದಿತ್ತು. ಬೆಂಗಳೂರಿಗೆ ಕರ್ಕಂಡು ಹೋಗಿದ್ರು. ವಾಸಿಯಾಯ್ತು. ಬರ್ಕೊಳಿ" ಅಂದಳಂತೆ. ಡಾಕ್ಟರು ಬರೆದುಕೊಂಡರು. ಹೆರಿಗೆಯಾದ ಮೇಲೆ ಒಂದು ತಿಂಗಳು ಎಲ್ಲರೂ ಜೋಪಾನವಾಗಿ ನೋಡಿಕೊಂಡರು. ಏನೂ ಆಗಲಿಲ್ಲ. ಬೀಗಿತ್ತಿ ಒಂದೆರಡು ತಿಂಗಳು ಮುಖ ಊದಿಸಿಕೊಂಡಿದ್ದು, ಆಮೇಲೆ ಸರಿಹೋದಳು.

ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಶರಪಂಜರದ ಜಗಳ ಇನ್ನೂ ಮುಗಿದಿಲ್ಲ. ಈಗಲೂ ಟೀವಿಯಲ್ಲಿ ಸಿನಿಮಾ ಬಂದರೆ ನಡುವಲತ್ತೆ ತನ್ನ ಹಳೇ ತೀರ್ಪನ್ನೇ ಹೇಳುತ್ತಾಳೆ. ಚಿಕ್ಕತ್ತೆ ಮಾತ್ರ ಎದ್ದು ಹೋಗುವುದಿಲ್ಲ, ತಲೆಯನ್ನೂ ಬಗ್ಗಿಸುವುದಿಲ್ಲ. ಹೋದ ಸಲ, "ಅಕ್ಕಯ್ಯ, ಅದು ಕಾಯಿಲೆ ಕಣೆ, ಸಾಕು ಸುಮ್ನಿರು" ಅಂದಳು. ನಡುವಲತ್ತೆ ನಿಜವಾಗಲೂ ಸುಮ್ಮನಾದಳು.

ನಿಮ್ಮ ಮನೆಯಲ್ಲಿ ಯಾರು ಯಾವ ಪಾರ್ಟಿ? ಆ ಜಗಳ ನಡೆಯುವಾಗ ಮೂಲೆಯಲ್ಲಿ ಸುಮ್ಮನೆ ಅಕ್ಕಿ ಆರಿಸುತ್ತಿದ್ದವರು ಯಾರಾದರೂ ಇದ್ದರಾ? ಸಾಧ್ಯವಾದರೆ ಅವರನ್ನೊಮ್ಮೆ ಕೇಳಿ ನೋಡಿ.